ಶೆಟವಿಯ ಬರಹವೂ ಕಾಲುವೆಯ ನೀರೂ

ನಮ್ಮ ಸೀಮೆಯಲ್ಲಿ ಕೂಸು ಹುಟ್ಟಿದ ಐದನೆಯ ರಾತ್ರಿ ಶೆಟವಿ ಬರುತ್ತಾಳೆಂಬ ನಂಬಿಕೆ ಇದೆ. ಬಾಣಂತಿಯ ಕೋಣೆಯಲ್ಲಿ ದೀಪ ಹಚ್ಚಿಟ್ಟು, ತೊಟ್ಟಿಲ ಬದಿಗೆ ಒಂದು ಬಿಳಿಯ ಹಾಳೆ, ಒಂದು ಲೇಖನಿ ಇಟ್ಟು, ಮನೆಯ ಹಿರಿಯ ಹೆಂಗಸು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬರುತ್ತಾಳೆ. ನಡುರಾತ್ರಿಯಲ್ಲಿ ದೇವಿ ಬಂದು ಕೂಸಿನ ಹಣೆಯ ಮೇಲೆ ಅದರ ಆಯುಷ್ಯ, ವಿದ್ಯೆ, ಬುದ್ಧಿ, ಸುಖದುಃಖಗಳನ್ನೆಲ್ಲ ಬರೆದು ಹೋಗುತ್ತಾಳೆ. ಬೆಳಿಗ್ಗೆ ನೋಡಿದರೆ ಹಾಳೆ ಇಟ್ಟ ಹಾಗೆಯೇ ಬಿಳಿಯದಾಗಿರುತ್ತದೆ. ಆದರೆ ಬರಹ ಮಾತ್ರ ಮುಗಿದಿರುತ್ತದೆ. ಅದನ್ನು ಓದಬಲ್ಲವರು ಯಾರೂ ಇಲ್ಲ. ಆ ಲಿಪಿ ಯಾರಿಗೂ ಓದಲು ಬಾರದೆಂಬುದೇ ಅದರ ದೊಡ್ಡ ಗುಣವೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಓದಲು ಬಂದಿದ್ದರೆ ನೆರೆಮನೆಯವರು ಮೊದಲು ಓದುತ್ತಿದ್ದರು!

ಈಗ ಓದುವವರು ಹುಟ್ಟಿಕೊಂಡಿದ್ದಾರೆ. ಮನುಷ್ಯನ ಒಂದೊಂದು ಜೀವಕೋಶದಲ್ಲಿಯೂ ಡಿ.ಎನ್‌.ಎ. ಎಂಬ ನೂಲಿನ ಸುರುಳಿ ಇದೆ, ಅದರ ಮೇಲೆ ಬರಹವಿದೆ, ಆ ಬರಹಕ್ಕೆ ನಾಲ್ಕೇ ನಾಲ್ಕು ಅಕ್ಷರ ಎಂದು ಅವರು ಹೇಳುತ್ತಾರೆ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಅದರೊಳಗೆ ಅರ್ಥವುಳ್ಳ ವಾಕ್ಯಗಳಂತಿರುವ ಜೀನುಗಳು ಇಪ್ಪತ್ತು ಸಾವಿರದ ಆಸುಪಾಸು. ಇವುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವು ಮೆದುಳಿನ ಕೆಲಸಕ್ಕೆ ಬೇಕಾದವು. ಹುಟ್ಟಿದಾಗ ಕೂಸಿನ ಮೆದುಳಿನ ತೂಕ 350 ಗ್ರಾಮಿನಷ್ಟು. ಎರಡು ವರ್ಷ ತುಂಬುವುದರೊಳಗೆ ಅದು ದೊಡ್ಡವರ ಮೆದುಳಿನ ಮುಕ್ಕಾಲು ಪಾಲಾಗಿರುತ್ತದೆ. ಮುಂದಿನ ತಿದ್ದುಪಡಿಯೆಲ್ಲ ಮುಗಿಯಬೇಕಾದರೆ ಇಪ್ಪತ್ತು ದಾಟಿ ಇಪ್ಪತ್ತೈದು ಬರಬೇಕು. ಇಷ್ಟು ದೊಡ್ಡ ಕಟ್ಟಡಕ್ಕೆ ಎಲ್ಲಿಯೋ ಒಂದು ಅಕ್ಷರ ತಪ್ಪಿದರೆ ಏನಾದೀತು ಎಂಬುದನ್ನು ಇವರು ಹುಡುಕುತ್ತಿದ್ದಾರೆ.

ಇಂಥ ಪಾಂಡಿತ್ಯದ ಮಾತು ನನಗೇಕೆ ಬೇಕಾಯಿತು ಎಂದು ವಾಚಕರು ಕೇಳಬಹುದು. ನಾನು ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಡಿ.ಎನ್‌.ಎ. ಎಂಬ ಮೂರಕ್ಷರ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದರಿಂದ ನಾನು ಅದರ ಬೆನ್ನು ಹತ್ತಬೇಕಾಯಿತು.

ನಮ್ಮ ಅಕ್ಕನ ಮನೆ ನೀರಮಾನ್ವಿಯಲ್ಲಿ. ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯ ಊರು. ಯಲ್ಲಮ್ಮನ ಜಾತ್ರೆಗೆ ಹೆಸರಾದದ್ದು. ಅಕ್ಕನ ದೊಡ್ಡ ಮಗನಿಗೆ ಅವನ ಅಕ್ಕನ ಮಗಳನ್ನೇ ತಂದುಕೊಂಡಿದ್ದಾರೆ. ಎಂದರೆ ಸೊಸೆಯಾಗಿ ಬಂದವಳು ಅತ್ತೆಗೆ ಮೊಮ್ಮಗಳು; ಗಂಡ ಅವಳಿಗೆ ಸೋದರಮಾವ. ಹೊರಗಿನವರಿಗೆ ತಲೆ ತಿರುಗುವ ಲೆಕ್ಕ. ನಮ್ಮ ಕಡೆ ಇದಕ್ಕೆ ಯಾರೂ ಹುಬ್ಬು ಹಾರಿಸುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆ ಕೂಡ ಇಂಥ ಸಂಬಂಧವನ್ನು ನಿಷೇಧದ ಪಟ್ಟಿಯಲ್ಲಿಟ್ಟು, ರೂಢಿಯಿದ್ದವರಿಗೆ ಪರವಾನಗಿ ಕೊಟ್ಟು ಕೈತೊಳೆದುಕೊಂಡಿತು. ಇನ್ನೂ ಒಂದು ಮಾತು ಹೇಳಬೇಕೆಂದರೆ, ಈ ಹುಡುಗಿಯ ತಾಯಿಯನ್ನು ನನಗೇ ಕೊಡಬೇಕೆಂದು ಒಂದು ಕಾಲಕ್ಕೆ ಮನೆಯಲ್ಲಿ ಮಾತಿತ್ತು. ನಾನು ಆಗ ಪರೀಕ್ಷೆಗಳಲ್ಲಿ ನಪಾಸಾಗುವುದರಲ್ಲಿ ತೊಡಗಿದ್ದೆನಾದ್ದರಿಂದ ಮಾತು ತಾನಾಗಿಯೇ ಬಿದ್ದುಹೋಯಿತು.

ಈ ದಂಪತಿಗಳಿಗೆ ಒಬ್ಬ ಮಗ. ನೋಡಲು ಮುದ್ದಾದ ಹುಡುಗ. ನಾಲ್ಕು ವರ್ಷ ತುಂಬಿದರೂ ಮಾತಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದಿಲ್ಲ. ಕಿವುಡನೆನ್ನೋಣವೆಂದರೆ ಬಿಸ್ಕತ್ತಿನ ಪೊಟ್ಟಣದ ಸಪ್ಪಳಕ್ಕೆ ಮೂರು ಕೋಣೆ ದಾಟಿ ಬರುತ್ತಾನೆ. ಹಗಲೆಲ್ಲ ಡಬ್ಬಿಯ ಮುಚ್ಚಳವೊಂದನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತ ಕೂಡುತ್ತಾನೆ. ಅದನ್ನು ಕಸಿದುಕೊಂಡರೆ ಊರು ಕೇಳುವಂತೆ ಚೀರುತ್ತಾನೆ.

ಕಾರಣ ಹೇಳುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಬಸುರಿಯಲ್ಲಿ ಹಾವು ನೋಡಿರಬೇಕು ಎಂದರು ಒಬ್ಬರು. ತವರಿನ ಹರಕೆ ಬಾಕಿ ಇದೆಯೆಂದರು ಇನ್ನೊಬ್ಬರು. ಕೂಸಿನ ಕೈಗೆ ಮೊಬೈಲು ಕೊಟ್ಟು ತಾಯಿ ಅಡಿಗೆ ಮಾಡುತ್ತ ಕೂತಳು, ಅದಕ್ಕೇ ಹೀಗಾಯಿತು ಎಂದು ಕಲಿತವರೊಬ್ಬರು ತೀರ್ಪು ಕೊಟ್ಟರು. ಆ ಹುಡುಗಿಯ ಕೈಯಲ್ಲಿ ಮೊಬೈಲು ಬಂದದ್ದೇ ಮಗನಿಗೆ ಮೂರು ವರ್ಷವಾದ ಮೇಲೆ ಎಂಬುದು ಅವರಿಗೆ ಅಡ್ಡಿಯಾಗಲಿಲ್ಲ. ನಾನು ಈ ಕಾರಣಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತ ಹೋದೆ. ಹದಿನೇಳಾದವು. ಹದಿನೇಳು ದಾರಿಗಳೂ ಕೊನೆಗೆ ಬಂದು ಸೇರುತ್ತಿದ್ದುದು ಒಂದೇ ಬಾಗಿಲಿಗೆ: ತಾಯಿಯ ಬಾಗಿಲಿಗೆ. ತಂದೆ ಏನು ಮಾಡಿದನು, ಏನು ಮಾಡಲಿಲ್ಲ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಹೊರಗಿನಿಂದ ತಂದ ಸೊಸೆಯಾಗಿದ್ದರೆ ಅವಳ ತವರಿನ ರಕ್ತದ ಮೇಲೆ ಹಾಕಬಹುದಿತ್ತು; ಇಲ್ಲಿ ತವರೂ ಅದೇ, ಗಂಡನ ಮನೆಯೂ ಅದೇ. ಆದರೂ ಜನ ದಾರಿ ಹುಡುಕಿಕೊಂಡರು. ನೂಲಿನಂತೆ ಸೀರೆ ಎಂಬ ಗಾದೆ ನಮ್ಮಲ್ಲಿ ಇದೆಯಷ್ಟೆ. ಸೀರೆಯಲ್ಲಿ ಉದ್ದನೂಲೂ ಇರುತ್ತದೆ, ಅಡ್ಡನೂಲೂ ಇರುತ್ತದೆ ಎಂಬುದನ್ನು ಗಾದೆ ಹೇಳುವವರು ಮರೆಯುತ್ತಾರೆ.

ಇದು ನಮ್ಮ ಹಳ್ಳಿಗಾಡಿನ ಅಜ್ಞಾನವೆಂದು ಪಟ್ಟಣದ ವಾಚಕರು ಮೂಗು ಮುರಿಯಬಾರದು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು, ಈ ಸ್ಥಿತಿಗೆ ಆಟಿಸಂ ಎಂಬ ಹೆಸರನ್ನು ಬಳಕೆಗೆ ತಂದರು. ಆಮೇಲಿನ ಎರಡು ದಶಕಗಳ ಕಾಲ ಆ ದೇಶದ ದೊಡ್ಡ ದೊಡ್ಡ ಪಂಡಿತರು ಹೇಳಿದ್ದೇನು? ತಾಯಿಯ ಎದೆಯಲ್ಲಿ ಪ್ರೀತಿ ಹೆಪ್ಪುಗಟ್ಟಿದೆ, ಅದಕ್ಕೇ ಮಗು ತನ್ನೊಳಗೆ ತಾನು ಮುಚ್ಚಿಕೊಂಡಿದೆ ಎಂದು. ಬ್ರೂನೋ ಬೆಟಲ್‌ಹೈಮ್ ಎಂಬವರು 1967ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದು ಈ ಮಾತಿಗೆ ಮುದ್ರೆ ಒತ್ತಿದರು. ಅಲ್ಲಿಯ ಹಾವು, ಅಲ್ಲಿಯ ಹರಕೆ ಬೇರೆ ಭಾಷೆಯಲ್ಲಿತ್ತು, ಅಷ್ಟೆ. ದಾರಿ ಬಂದು ಸೇರಿದ್ದು ಅದೇ ಬಾಗಿಲಿಗೆ.

ತಾಯಂದಿರ ಪರವಾಗಿ ವಕಾಲತ್ತು ವಹಿಸಿದ್ದು ಜೀನುಗಳ ಶಾಸ್ತ್ರ. 1977ರಲ್ಲಿ ಲಂಡನ್ನಿನಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟ್ಟರ್ ಎಂಬ ಇಬ್ಬರು, ಒಬ್ಬರಿಗಾದರೂ ಆಟಿಸಂ ಇದ್ದ ಇಪ್ಪತ್ತೊಂದು ಜೋಡಿ ಅವಳಿಗಳನ್ನು ಹುಡುಕಿ ತೆಗೆದರು. ಹತ್ತು ಜೋಡಿಗಳು ಅಣ್ಣತಮ್ಮಂದಿರಂತೆ ಬೇರೆ ಬೇರೆ ಬರಹ ಹೊತ್ತ ಅವಳಿಗಳು. ಇವರಲ್ಲಿ ಒಂದು ಕಡೆಯೂ ಇಬ್ಬರಿಗೂ ಆಟಿಸಂ ಇರಲಿಲ್ಲ. ಹನ್ನೊಂದು ಜೋಡಿಗಳು ಒಂದೇ ಬರಹದ ಅವಳಿಗಳು. ಇವರಲ್ಲಿ ನಾಲ್ಕು ಕಡೆ ಇಬ್ಬರಿಗೂ ಇತ್ತು. ತಾಯಿ ಒಬ್ಬಳೇ, ಪ್ರೀತಿ ಒಂದೇ, ಮನೆ ಒಂದೇ, ಆದರೂ ವ್ಯತ್ಯಾಸ. ತಾಯಿಯ ಎದೆ ತಣ್ಣಗಿತ್ತೆಂಬ ವಾದ ಇಲ್ಲಿಗೆ ಕುಸಿಯತೊಡಗಿತು. ಇಂದು ಆಟಿಸಂಗೆ ಸಂಬಂಧಪಟ್ಟವೆಂದು ಗುರುತಾದ ಜೀನುಗಳು ನೂರನ್ನು ಮೀರಿವೆ. ಆದರೆ ಆ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ಒಂದೇ ಬರಹದ ಹನ್ನೊಂದು ಜೋಡಿಗಳಲ್ಲಿ ಏಳು ಕಡೆ ಒಬ್ಬರಿಗೆ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಬರಹವೇ ಎಲ್ಲವೂ ಆಗಿದ್ದರೆ ಹಾಗಾಗಬಾರದಷ್ಟೆ? ಈ ಮಾತಿಗೆ ಮುಂದೆ ಬರುತ್ತೇನೆ.

ನಾವು ಬೆಂಗಳೂರಿಗೆ ರಾತ್ರಿಯ ರೈಲಿನಲ್ಲಿ ಹೋದೆವು: ಗಂಡ, ಹೆಂಡತಿ, ಹುಡುಗ, ನಾನು, ಮತ್ತು ಹೊರಡುವ ಕಡೆಯ ಗಳಿಗೆಯಲ್ಲಿ ಗಂಟು ಕಟ್ಟಿಕೊಂಡು ಬಂದ ಅಕ್ಕ. ರಕ್ತಪರೀಕ್ಷೆ ಎಂದೊಡನೆ ಅವಳಿಗೆ ನಿದ್ದೆ ಹಾರಿಹೋಗಿತ್ತು. ಗುಂತಕಲ್ಲು ದಾಟಿದ ಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು:

“ತಮ್ಮಾ, ಇದು ಯಾರ ಕಡಿಂದ ಬಂತು ಅಂತ ರಕ್ತ ಹೇಳ್ತದಂತ. ಖರೇ ಏನು?”

“ಹೇಳಬಹುದು” ಎಂದೆ.

“ಹಂಗಾರ ಬ್ಯಾಡ. ನಮ್ಮ ಮನೀ ಕಡಿಂದ ಅಂತಂದ್ರ ಆ ಸಣ್ಣಾಕಿನ್ನ ಯಾರು ಮಾಡ್ಕೋತಾರ?”

ಅವಳ ಚಿಂತೆಯ ಬೇರು ಅಲ್ಲಿತ್ತು. ಸೊಸೆಗೆ ಒಬ್ಬಳು ತಂಗಿ ಇದ್ದಾಳೆ. ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದಾಳೆ. ಅವಳನ್ನು ಅಕ್ಕನ ಸಣ್ಣ ಮಗನಿಗೆ ತಂದುಕೊಳ್ಳುವುದೆಂದು ತೊಟ್ಟಿಲಲ್ಲಿರುವಾಗಲೇ ಮಾತಾಗಿತ್ತು. ಹೀಗಾಗಿ ಆ ರೈಲಿನಲ್ಲಿ ನಾವು ಒಬ್ಬ ಹುಡುಗನ ನಾಲಿಗೆಯ ಪ್ರಶ್ನೆಯನ್ನಷ್ಟೇ ಅಲ್ಲ, ಇಬ್ಬರ ಮದುವೆಯ ಪ್ರಶ್ನೆಯನ್ನೂ ಹೊತ್ತುಕೊಂಡು ಹೋಗುತ್ತಿದ್ದೆವು.

ಆಸ್ಪತ್ರೆಯ ವೈದ್ಯೆ ನಮ್ಮ ಕಡೆಯ ಮಾತು ಬಲ್ಲವಳು, ಸಮಾಧಾನದ ಹೆಂಗಸು. ಹುಡುಗನ ಜೊತೆ ನೆಲದ ಮೇಲೆ ಕೂತು ಅವಳೂ ಒಂದು ಮುಚ್ಚಳ ತಿರುಗಿಸಿದಳು. ಆಮೇಲೆ ಕಾಗದ ತೆಗೆದುಕೊಂಡು, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕುತ್ತ ನಮ್ಮ ವಂಶವೃಕ್ಷ ಬರೆಯತೊಡಗಿದಳು. ಮೂರು ತಲೆಮಾರು ಬರೆಯುವುದರೊಳಗೆ ಗೆರೆಗಳು ಒಂದರ ಮೇಲೊಂದು ಬಿದ್ದು ಅದು ವೃಕ್ಷವಾಗುವ ಬದಲು ಬಳ್ಳಿಯ ಸಿಕ್ಕಾಯಿತು. ಅವಳು ನಗಲಿಲ್ಲ, ಇಂಥವು ದಿನಕ್ಕೆ ನಾಲ್ಕಾರು ಬರೆಯುತ್ತೇನೆ ಎಂದಳು. ಹುಡುಗನದು, ತಂದೆಯದು, ತಾಯಿಯದು ಎಂದು ಮೂವರ ರಕ್ತ ತೆಗೆದುಕೊಂಡರು.

ರಕ್ತಸಂಬಂಧದ ಮದುವೆ ಯಾಕೆ ತೊಡಕು ಎಂಬುದನ್ನು ನಾನು ನಮ್ಮ ಕಡೆಯ ಉಪಮೆಯಿಂದಲೇ ತಿಳಿದುಕೊಂಡೆ. ಮಾನ್ವಿ ಜಗನ್ನಾಥದಾಸರ ಊರು. ದಾಸರ ಪದಗಳನ್ನು ಹೆಂಗಸರು ವಹಿಗಳಲ್ಲಿ ಬರೆದಿಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ಒಬ್ಬಾಕೆಯ ವಹಿಯಲ್ಲಿ ಒಂದು ಸಾಲು ತಪ್ಪಾಗಿದೆಯೆಂದಿಟ್ಟುಕೊಳ್ಳಿ. ಪಕ್ಕದಲ್ಲಿ ಬೇರೆ ಊರಿನವಳ ವಹಿ ಇದ್ದರೆ ಅದನ್ನು ನೋಡಿ ಪದ ಸರಿಯಾಗಿ ಹಾಡಬಹುದು. ಆದರೆ ಎರಡು ವಹಿಗಳೂ ಒಬ್ಬಳೇ ಅಜ್ಜಿಯ ವಹಿಯಿಂದ ನಕಲಾದವಾದರೆ? ಎರಡರಲ್ಲಿಯೂ ಅದೇ ಸಾಲು, ಅದೇ ತಪ್ಪು. ಸರಿಯಾದ ಪಾಠ ಸಿಗುವ ಬಗೆಯಿಲ್ಲ. ಜೀನುಗಳದೂ ಹೀಗೆಯೇ. ತಪ್ಪಿಲ್ಲದ ವಹಿ ಹೊತ್ತವರು ಭೂಮಿಯ ಮೇಲೆ ಯಾರೂ ಇಲ್ಲ. ಪ್ರತಿಯೊಬ್ಬರೂ ಇಂಥ ಕೆಲವು ತಪ್ಪುಗಳನ್ನು ಹೊತ್ತೇ ಆರೋಗ್ಯವಾಗಿ ಬಾಳುತ್ತಾರೆ, ಯಾಕೆಂದರೆ ಇನ್ನೊಂದು ಪ್ರತಿ ಕಾಪಾಡುತ್ತದೆ. ಸೋದರಮಾವ ಮತ್ತು ಸೊಸೆಯ ವಹಿಗಳಲ್ಲಿ ಕಾಲುಭಾಗ ಒಂದೇ ಮೂಲದ್ದು. ಸೋದರತ್ತೆಯ ಮಕ್ಕಳಲ್ಲಿ ಎಂಟನೆಯ ಒಂದು ಭಾಗ.

ಹಾಗೆಂದು ಹೆದರಿ ಓಡಬೇಕಾಗಿಲ್ಲ. ಯಾವ ದಂಪತಿಗಳಿಗೇ ಆಗಲಿ, ನೂರು ಕೂಸುಗಳಲ್ಲಿ ಎರಡು ಮೂರಕ್ಕೆ ಹುಟ್ಟಿನಿಂದಲೇ ಬಂದ ದೊಡ್ಡ ತೊಂದರೆ ಇರುತ್ತದೆ. ಸೋದರತ್ತೆ, ಸೋದರಮಾವನ ಮಕ್ಕಳು ಮದುವೆಯಾದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮಾವ ಸೊಸೆಯರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಎಂದರೆ ಇಂಥ ಮನೆಗಳಲ್ಲಿಯೂ ಹೆಚ್ಚಿನ ಮಕ್ಕಳು ಗಟ್ಟಿಮುಟ್ಟಾಗಿಯೇ ಹುಟ್ಟುತ್ತವೆ. ನಮ್ಮ ಹಿರಿಯರು ಮೂರ್ಖರಾಗಿರಲಿಲ್ಲ. ಹೊಲ ಹರಿದು ಹಂಚಿ ಹೋಗಬಾರದು, ಹೆಣ್ಣು ಗುರುತಿಲ್ಲದ ಮನೆಯಲ್ಲಿ ಕಣ್ಣೀರು ಹಾಕಬಾರದು ಎಂದು ಈ ಏರ್ಪಾಡು ಮಾಡಿದರು. ಆದರೆ ಒಂದು ಮನೆಯಲ್ಲಿ ಒಂದು ಮಗುವಿಗೆ ತೊಂದರೆ ಕಾಣಿಸಿದ ಮೇಲೆ, ಅದೇ ವಹಿಯ ಇನ್ನೆರಡು ನಕಲುಗಳನ್ನು ಒಂದೆಡೆ ತರುವ ಮುಂಚೆ ಒಂದು ಸಲ ನಿಂತು ಯೋಚಿಸಬೇಕು. ವೈದ್ಯೆ ಹೇಳಿದ್ದು ಇಷ್ಟೇ.

ಈ ವಿಷಯದಲ್ಲಿ ಜಗತ್ತಿಗೆ ಲೆಕ್ಕ ಕೊಟ್ಟವರಲ್ಲಿ ನಮ್ಮ ಕರ್ನಾಟಕದವರೂ ಇದ್ದಾರೆ ಎಂಬುದನ್ನು ನಾನು ಆಮೇಲೆ ತಿಳಿದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾಯರೂ ಅವರ ಸಂಗಡಿಗರೂ ನವಜಾತ ಶಿಶುಗಳ ರಕ್ತದ ಹನಿಗಳನ್ನು ಕಾಗದಕ್ಕೆ ಹೀರಿಸಿ, ಲಕ್ಷದ ಹತ್ತಿರ ಹತ್ತಿರ ಕೂಸುಗಳನ್ನು ಪರೀಕ್ಷಿಸಿದರು. ಜೊತೆಗೇ ತಂದೆತಾಯಿಗಳ ಸಂಬಂಧವನ್ನೂ ಕೇಳಿ ಬರೆದುಕೊಂಡರು. ಆಲನ್ ಬಿಟಲ್ಸ್ ಎಂಬ ವಿಜ್ಞಾನಿಯೊಡನೆ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದು. ಅವುಗಳಲ್ಲಿ ಹೆಚ್ಚಿನ ಪಾಲು ಮಾವ ಸೊಸೆಯರದು. ಈಚಿನ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ನಮ್ಮ ರಾಜ್ಯದ ಮದುವೆಗಳಲ್ಲಿ ಸುಮಾರು ಕಾಲುಭಾಗ ಸಂಬಂಧದೊಳಗಿನವೇ.

ಆ ರಕ್ತದ ಹನಿಯ ಹಿಂದೆ ಒಂದು ಕಥೆಯಿದೆ. ಅದರಲ್ಲಿಯೂ ತಾಯಂದಿರೇ ಇದ್ದಾರೆ. 1934ರಲ್ಲಿ ನಾರ್ವೆ ದೇಶದಲ್ಲಿ ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿಗೆ ಇಬ್ಬರು ಮಕ್ಕಳು, ಇಬ್ಬರಿಗೂ ಬುದ್ಧಿ ಬೆಳೆಯಲಿಲ್ಲ. ಮಕ್ಕಳ ಮೈಯಿಂದ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತದೆಂದು ಅವಳು ವೈದ್ಯರಿಂದ ವೈದ್ಯರಿಗೆ ಅಲೆದಳು. ಕಡೆಗೆ ಅಸ್‌ಬ್ಯೋರ್ನ್ ಫೋಲಿಂಗ್ ಎಂಬವರು ಅವಳ ಮಾತನ್ನು ಕಿವಿಗೆ ಹಾಕಿಕೊಂಡು, ಮಕ್ಕಳ ಮೂತ್ರಕ್ಕೆ ರಾಸಾಯನಿಕದ ಹನಿ ಬಿಟ್ಟು ನೋಡಿದರೆ ಅದು ಹಸುರು ಬಣ್ಣಕ್ಕೆ ತಿರುಗಿತು. ಆಹಾರದೊಳಗಿನ ಒಂದು ಅಂಶವನ್ನು ಅರಗಿಸುವ ಜೀನು ಎರಡೂ ಪ್ರತಿಗಳಲ್ಲಿ ಕೆಟ್ಟಿದ್ದರಿಂದ, ಅದೇ ಅಂಶ ವಿಷವಾಗಿ ಮೆದುಳನ್ನು ಹಾಳುಮಾಡುತ್ತಿತ್ತು. ಆ ರೋಗಕ್ಕೆ ಫಿನೈಲ್‌ಕೀಟೋನೂರಿಯಾ ಎಂಬ ಹೆಸರು ಬಂತು. ನೊಬೆಲ್ ಬಹುಮಾನ ಪಡೆದ ಪರ್ಲ್ ಬಕ್ ಅವರ ಮಗಳಿಗೂ ಇದ್ದದ್ದು ಇದೇ. 1950ರಲ್ಲಿ ಆ ಲೇಖಕಿ ಬುದ್ಧಿ ಬೆಳೆಯದ ತಮ್ಮ ಮಗಳ ವಿಷಯವನ್ನು ಮುಚ್ಚಿಡದೆ ಪುಸ್ತಕವಾಗಿ ಬರೆದಾಗ ಎಷ್ಟೋ ಮನೆಗಳ ಮುಚ್ಚಿದ ಬಾಗಿಲು ತೆರೆಯಿತಂತೆ. 1950ರ ದಶಕದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಬ್ಬ ತಾಯಿ, ಏನಾದರೂ ಮಾಡಿರೆಂದು ಹೋರ್ಸ್ಟ್ ಬಿಕೆಲ್ ಎಂಬ ವೈದ್ಯನ ಬೆನ್ನು ಬಿಡಲಿಲ್ಲ. ಅವನು ಆ ಅಂಶವನ್ನು ತೆಗೆದುಹಾಕಿದ ಆಹಾರವನ್ನು ತಯಾರಿಸಿ ಅವಳ ಎರಡು ವರ್ಷದ ಮಗಳಿಗೆ ಕೊಟ್ಟ, ಮಗು ಚೇತರಿಸತೊಡಗಿತು. 1960ರ ಸುಮಾರಿಗೆ ರಾಬರ್ಟ್ ಗತ್ರೀ ಎಂಬವರು ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿಯೇ ರೋಗವನ್ನು ಹುಟ್ಟಿದ ವಾರದೊಳಗೆ ಗುರುತಿಸುವ ಉಪಾಯ ಕಂಡುಹಿಡಿದರು.

ಈ ಕಥೆಯನ್ನು ನಾನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಇಲ್ಲಿ ಬರಹ ಬದಲಾಗಲಿಲ್ಲ. ಕೆಟ್ಟ ಜೀನು ಕೆಟ್ಟ ಜೀನಾಗಿಯೇ ಉಳಿಯಿತು. ಬದಲಾದದ್ದು ತಟ್ಟೆ! ಹಣೆಯಲ್ಲಿ ಬರೆದದ್ದು ಬರೆದಂತೆಯೇ ಇದ್ದು, ಆ ಮಕ್ಕಳು ಶಾಲೆಗೆ ಹೋದವು, ಓದಿದವು, ಸಂಸಾರ ಹೂಡಿದವು. ಎಲ್ಲ ತೊಂದರೆಗೂ ಇಷ್ಟು ಸುಲಭದ ಮದ್ದಿಲ್ಲ, ನಿಜ. ಆದರೆ ಜೀನು ಎಂದೊಡನೆ ಕೈಚೆಲ್ಲಿ ಕೂರುವವರಿಗೆ ಈ ಒಂದು ಉದಾಹರಣೆ ಸಾಕು.

ಇದು ನಮ್ಮ ರೈತರಿಗೆ ಗೊತ್ತಿಲ್ಲದ ಮಾತೇನಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮೇಲಿನ ಸೀಮೆಗಳನ್ನೆಲ್ಲ ದಾಟಿ ಮಾನ್ವಿ, ರಾಯಚೂರಿನ ಕಡೆ ಬರುವಷ್ಟರಲ್ಲಿ ಸಣಕಲಾಗುತ್ತದೆ. ಕೆಲವು ವರ್ಷ ಬರುವುದೇ ಇಲ್ಲ. ಒಂದೇ ಅಂಗಡಿಯ ಒಂದೇ ಚೀಲದ ಭತ್ತದ ಬೀಜ ಕಾಲುವೆಯ ತಲೆಯಲ್ಲಿ ತೊನೆದಾಡುತ್ತದೆ, ಕೊನೆಯಲ್ಲಿ ಒಣಗಿ ನಿಲ್ಲುತ್ತದೆ. ಕೊನೆಯ ಭಾಗದ ರೈತ ಬೀಜವನ್ನು ಬೈಯುವುದಿಲ್ಲ. ನೀರು ಬಿಡಿ ಎಂದು ಕಚೇರಿಯ ಮುಂದೆ ಕೂಡುತ್ತಾನೆ. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ನಾವು ಬೀಜದ ಚೀಲವನ್ನೇ ಹಿಡಿದು ಜಗಳಾಡುತ್ತೇವೆ.

ಬೀಜ ಮತ್ತು ನೀರು ಎರಡನ್ನೂ ಒಟ್ಟಿಗೆ ನೋಡುವ ಪ್ರಯತ್ನವೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿವೇಕ ಬೆನೆಗಲ್ ಮತ್ತು ಲಂಡನ್ನಿನ ಗುಂಟರ್ ಶೂಮನ್ ಅವರ ಮುಂದಾಳುತನದಲ್ಲಿ 2016ರಲ್ಲಿ ಆರಂಭವಾದ ಆ ಅಧ್ಯಯನದ ಚಿಕ್ಕ ಹೆಸರು ‘ಸಿ-ವೇದ’. ಬೆಂಗಳೂರು, ಮೈಸೂರು, ಆಂಧ್ರದ ರಿಷಿ ವ್ಯಾಲಿ, ಕೋಲ್ಕತ್ತ, ಚಂಡೀಗಢ, ಇಂಫಾಲ ಮೊದಲಾದ ಕಡೆಗಳಿಂದ ಆರು ವರ್ಷದಿಂದ ಇಪ್ಪತ್ತಮೂರರವರೆಗಿನ ಹತ್ತು ಸಾವಿರ ಜನರನ್ನು ಗುರಿಯಾಗಿಟ್ಟುಕೊಂಡು ಅವರು ಹೊರಟರು. ಮೈಸೂರಿನವರಂತೂ 1997–98ರಲ್ಲಿ ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳು. ತಾಯಿಯ ಬಸುರಿನಿಂದಲೇ ಇವರ ಲೆಕ್ಕ ಬರೆದಿಡಲಾಗಿತ್ತು. ಜೀನುಗಳಿಗಾಗಿ ರಕ್ತ ತೆಗೆದದ್ದಲ್ಲದೆ, ಮೆದುಳಿನ ಚಿತ್ರ, ಓದು, ಗಮನ, ಸಿಟ್ಟು, ಮನೆಯ ಬಡತನ, ಬೈಗುಳ, ಹೊಡೆತ, ಕುಡಿತ, ಗಾಳಿ ನೀರಿನಲ್ಲಿರುವ ವಿಷ ಎಲ್ಲವನ್ನೂ ಕೇಳಿದರು, ಅಳೆದರು. ಅದರಿಂದ 2023ರಲ್ಲಿ ಹೊರಬಂದ ಒಂದು ಲೇಖನದಲ್ಲಿ, ಸಾವಿರ ಚಿಲ್ಲರೆ ಮಕ್ಕಳು ಮತ್ತು ತರುಣರನ್ನು ನೋಡಿ, ಮೈಯಲ್ಲಿ ಸೇರಿದ ಆರ್ಸೆನಿಕ್ ವಿಷ ಕಡಿಮೆ ಪ್ರಮಾಣದ್ದಾದರೂ ಮೆದುಳಿನ ಬೆಳವಣಿಗೆಯ ಕೊರತೆಗೂ, ಗಮನ ಯೋಜನೆಗಳ ಶಕ್ತಿ ಕುಂದುವುದಕ್ಕೂ ಜೊತೆಯಾಗಿ ಕಾಣುತ್ತದೆಂದು ಬರೆದಿದ್ದಾರೆ. ನಮ್ಮ ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಸೀಮೆಯಲ್ಲಿ ಅದೇ ಆರ್ಸೆನಿಕ್ ಕೊಳವೆಬಾವಿಯ ನೀರಿನಲ್ಲಿ ಸಿಕ್ಕಿದೆ ಎಂಬುದನ್ನು ನೆನೆದಾಗ ಈ ಲೇಖನ ದೂರದ್ದೆನಿಸುವುದಿಲ್ಲ. ಇಂಥ ಅಧ್ಯಯನ ನಮ್ಮಲ್ಲಿಯೇ ನಡೆಯಬೇಕಾದ ಅಗತ್ಯ ಇನ್ನೊಂದಿದೆ. ಮನೋರೋಗಗಳ ಜೀನುಗಳ ಬಗ್ಗೆ ಈತನಕ ಕಟ್ಟಿರುವ ಲೆಕ್ಕ ಬಹುಮಟ್ಟಿಗೆ ಯುರೋಪಿಯನ್ ಮೂಲದವರ ರಕ್ತದ್ದು. ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿ ನಮಗೆ ಕೂಡುವುದಿಲ್ಲ.

ಭಯವೂ ಇಲ್ಲದಿಲ್ಲ. ಬರಹ ಓದಬಲ್ಲೆವೆಂದು ಅವಸರಪಟ್ಟವರು ಹಿಂದೆ ಏನು ಮಾಡಿದರೆಂಬುದು ಇತಿಹಾಸದಲ್ಲಿದೆ. 1927ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ‘ಮಂದಬುದ್ಧಿಯವರ’ ಸಂತಾನಶಕ್ತಿ ತೆಗೆಯುವುದು ಸರಿಯೆಂದು ತೀರ್ಪಿತ್ತಿತು. 1933ರಲ್ಲಿ ಜರ್ಮನಿಯ ನಾಜಿಗಳು ಅದಕ್ಕೊಂದು ಕಾಯಿದೆ ಮಾಡಿ ಸುಮಾರು ನಾಲ್ಕು ಲಕ್ಷ ಜನರ ಮೇಲೆ ಕತ್ತರಿ ಆಡಿಸಿದರು. ಅವರಿಗೆ ಆಗ ಜೀನಿನ ಒಂದಕ್ಷರವೂ ಓದಲು ಬರುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಓದು ಅರ್ಧವಾದಷ್ಟೂ ತೀರ್ಪು ಗಟ್ಟಿಯಾಗುತ್ತದೆ.

ನಮ್ಮ ಹುಡುಗನ ವರದಿ ಮೂರು ತಿಂಗಳಿಗೆ ಬಂತು. ವೈದ್ಯೆ ಎಲ್ಲರನ್ನೂ ಕೂಡಿಸಿಕೊಂಡು ಹೇಳಿದಳು: ಒಂದು ಜೀನಿನಲ್ಲಿ ಒಂದಕ್ಷರ ಬದಲಾಗಿದೆ, ಎರಡೂ ಪ್ರತಿಗಳಲ್ಲಿ ಬದಲಾಗಿದೆ, ಒಂದು ತಂದೆಯಿಂದ ಬಂದದ್ದು, ಒಂದು ತಾಯಿಯಿಂದ. ಅವನ ಮಾತು ನಿಂತದ್ದು ಅದರಿಂದಲೇ ಎಂದು ಹೇಳುವಷ್ಟು ತಿಳುವಳಿಕೆ ಇನ್ನೂ ಬಂದಿಲ್ಲ. ಇದೇ ಬದಲಾವಣೆ ಇನ್ನಷ್ಟು ಮಕ್ಕಳಲ್ಲಿ ಸಿಕ್ಕರೆ ಮುಂದೆ ತಿಳಿಯಬಹುದು. ಅಕ್ಷರ ಸಿಕ್ಕಿತು, ಅರ್ಥ ಸಿಗಲಿಲ್ಲ. ಇಷ್ಟಕ್ಕೆ ಇಷ್ಟು ದೂರ ಬಂದೆವೇ ಎಂದು ನನಗೆ ಅನ್ನಿಸುವಷ್ಟರಲ್ಲಿ ಆ ಹುಡುಗಿ, ಅಲ್ಲಿಯವರೆಗೆ ತುಟಿ ಬಿಚ್ಚದವಳು, ಬಾಯಿ ತೆರೆದಳು.

“ಡಾಕ್ಟರಮ್ಮಾ, ಒಂದು ಕೇಳ್ತೀನಿ. ನಾ ಬಸರಿದ್ದಾಗ ಗ್ರಹಣದ ದಿನ, ಯಾರೂ ನೋಡ್ಲಿಲ್ಲ, ಈಳಿಗಿ ಮುಟ್ಟಿದ್ದೆ. ಒಂದು ಬದನೀಕಾಯಿ ಹೆಚ್ಚಿದ್ದೆ. ಅದರಿಂದ ಆಗಿರ್ಬಹುದಾ?”

“ಇಲ್ಲವ್ವ. ಅದರಿಂದ ಅಲ್ಲ. ನೀ ಮಾಡಿದ್ದರಿಂದ ಆಗಿಲ್ಲ, ಮಾಡದೇ ಇದ್ದದ್ದರಿಂದನೂ ಆಗಿಲ್ಲ” ಎಂದಳು ವೈದ್ಯೆ.

ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಪುರಾಣದ ಬದನೆಕಾಯಿಯ ಮಾತನ್ನು ನಾವು ನಗುತ್ತ ಹೇಳುತ್ತೇವೆ. ಈ ಬದನೆಕಾಯಿಯನ್ನು ಅವಳು ನಾಲ್ಕು ವರ್ಷ ಯಾರಿಗೂ ಹೇಳದೆ ಒಬ್ಬಳೇ ಹೊತ್ತಿದ್ದಳು. ಅಕ್ಕ ಮೊದಲು ಗೋಡೆ ನೋಡುತ್ತ ಕೂತಿದ್ದವಳು ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಕ್ಷಣದಲ್ಲಿ ಅವಳು ಅತ್ತೆಯಾಗಿರಲಿಲ್ಲ, ಅಜ್ಜಿಯಾಗಿದ್ದಳು. ಪರೀಕ್ಷೆಗೆ ಕೊಟ್ಟ ದುಡ್ಡು ಸಂದಿತೆಂದು ನಾನು ತಿಳಿದೆ. ರೋಗದ ಹೆಸರು ಹೇಳಲಾಗದ ವರದಿಯೂ, ತಪ್ಪು ಯಾರದೂ ಅಲ್ಲವೆಂದು ಹೇಳಿದ್ದು ಸಣ್ಣ ಉಪಕಾರವಲ್ಲ.

ಮದುವೆಯ ಮಾತು ಊರಿಗೆ ಬಂದ ಮೇಲೆ ಎದ್ದಿತು. ಸಣ್ಣ ಮಗನೇ ಅದನ್ನು ಮುಗಿಸಿದ. “ಆಕಿನ್ನ ನಾ ಎತ್ತಿ ಆಡಿಸೀನಿ. ಓದ್ಲಿ ಬಿಡ್ರಿ” ಎಂದ. ಅಕ್ಕ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಬೇರೆ ಕಡೆ ಹೆಣ್ಣು ಇದ್ದರೆ ನೋಡೆಂದು ನನಗೇ ಹೇಳಿದಳು.

ಹುಡುಗ ಈಗ ವಾರಕ್ಕೆರಡು ಸಲ ರಾಯಚೂರಿಗೆ ಮಾತಿನ ತರಬೇತಿಗೆ ಹೋಗುತ್ತಾನೆ. ತಾಯಿ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ದಿನಾಲು ಎರಡು ತಾಸು ಮಾಡಿಸುತ್ತಾಳೆ. ವರ್ಷ ತುಂಬುವುದರೊಳಗೆ ಬೇಕಾದದ್ದನ್ನು ಬೆರಳು ತೋರಿಸಿ ಕೇಳುವುದನ್ನು ಕಲಿತ. ಈಗ ನಾಲ್ಕಾರು ಮಾತು ಬಂದಿವೆ, ಮೊದಲನೆಯದು “ನೀರು”. ಊರಿನ ಹೆಸರನ್ನು ಅರ್ಧ ಹೇಳಿದನೆಂದು ನಾವು ಹಿಗ್ಗಿದೆವು. ಮುಂದೆ ಎಷ್ಟು ಹೇಳುತ್ತಾನೋ ಯಾರೂ ಮಾತು ಕೊಟ್ಟಿಲ್ಲ. ಎರಡು ವರ್ಷಕ್ಕೇ ಆರಂಭಿಸಿದ್ದರೆ ಇನ್ನೂ ಸುಲಭವಾಗುತ್ತಿತ್ತೆಂದು ತರಬೇತಿ ಕೊಡುವಾಕೆ ಹೇಳುತ್ತಾಳೆ. ಮೆದುಳಿನ ಕಟ್ಟಡ ಹಸಿಯಾಗಿರುವಾಗಲೇ ಕೈ ಆಡಿಸಬೇಕು.

ನೆರೆಹೊರೆಯಲ್ಲಿ ಚಿಕಿತ್ಸೆ ಸಿಗುವಂತೆ ಮಾಡುವುದು ಆಗದ ಕೆಲಸವೇನೂ ಅಲ್ಲ. ಹೊಳೆಯ ಆಚೆ ದಂಡೆಯ ಬಳ್ಳಾರಿ ಜಿಲ್ಲೆಯಲ್ಲಿಯೇ 1985ರಿಂದ 1990ರವರೆಗೆ ನಿಮ್ಹಾನ್ಸಿನವರು ಹಳ್ಳಿಯ ಆಸ್ಪತ್ರೆಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಊರ ಬಾಗಿಲಿಗೆ ತಂದರು. ಅದೇ ‘ಬಳ್ಳಾರಿ ಮಾದರಿ’ಯಾಗಿ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಲು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. 2016ರ ಕಾಯಿದೆ ಆಟಿಸಂ ಇದ್ದವರ ಹಕ್ಕುಗಳನ್ನು ಒಪ್ಪಿಕೊಂಡಿದೆ. ಕಾಲುವೆ ತೋಡಿದೆ ಎಂದ ಹಾಗಾಯಿತು. ಕೊನೆಯ ಭಾಗದ ಹೊಲಕ್ಕೆ ನೀರು ಬರಬೇಕು.

ಅದಕ್ಕೆ ಸರ್ಕಾರದ ಕೆಲಸ ಸರ್ಕಾರ ಮಾಡಲಿ, ನಮ್ಮದೂ ಒಂದಿದೆ. ಕೂಸು ನೋಡಲು ಹೋದ ಮನೆಯಲ್ಲಿ ನಾವು ಮೊದಲು ಕೇಳುವುದು “ಯಾರ ಹಂಗ ಅದ?” ಎಂದು. ಮೂಗು ತಂದೆಯದು, ಹುಬ್ಬು ತಾಯಿಯದು ಎಂದು ಪಾಲು ಹಂಚಿ, ಕೈಗೆ ನಾಣ್ಯ ಕೊಟ್ಟು ಬರುತ್ತೇವೆ. ಕೇಳಬಾರದೆಂದಲ್ಲ. ಆದರೆ ವರ್ಷ ತುಂಬಿದ ಮೇಲೆ ಅದೇ ಮನೆಗೆ ಇನ್ನೊಮ್ಮೆ ಹೋದಾಗ, “ಹೆಸರು ಹಿಡಿದು ಕೂಗಿದ್ರ ತಿರುಗಿ ನೋಡ್ತದೇನವ್ವ?” ಎಂದು ಕೂಸಿನ ತಾಯಿಯನ್ನು ಮೆತ್ತಗೆ ಕೇಳಬೇಕು. ಇಲ್ಲವೆಂದರೆ ಕಾರಣ ಹೇಳಲು ಕೂಡಬಾರದು. ಮರುದಿನದ ಬಸ್ಸಿಗೆ ಅವಳ ಜೊತೆ ಆಸ್ಪತ್ರೆಗೆ ಹೊರಡಬೇಕು.